ರೂಮ್ ದೇಶದಿಂದ ವಿಜಯಪುರಕ್ಕೆ: ಯೂಸುಫ್ ಆದಿಲಖಾನನ ಕತೆ

ವಿಜಯಪುರ ನಗರದ ಪಶ್ಚಿಮದ ಕೋಟೆಗೋಡೆಯ ಮೇಲೆ, ಶೆರ್ಜಾ ಬುರುಜಿನಲ್ಲಿ, ಮಲಿಕ್-ಎ-ಮೈದಾನವೆಂಬ ಹೆದ್ದೋಪು ಮಲಗಿದೆ. ಐವತ್ತು ಟನ್ನಿಗೂ ಮಿಗಿಲಾದ ಭಾರವುಳ್ಳ ಈ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮಹಮ್ಮದನೆಂಬ ಒಬ್ಬ ರೂಮಿ. ತೋಪಿನ ಮೈಮೇಲೆ ಕೊರೆದ ಬರಹವೇ ಇದಕ್ಕೆ ಸಾಕ್ಷಿ. ಅದರ ಬಾಯಿಯ ಸಿಂಹಮುಖವನ್ನು ನೋಡಿ ಬೆರಗಾಗಿ ಹೋಗುವವರು ಸಾವಿರ. ರೂಮಿ ಎಂಬ ಎರಡಕ್ಷರದ ಮುಂದೆ ನಿಲ್ಲುವವರು ವಿರಳ. ರೂಮಿ ಎಂದರೆ ರೂಮ್ ದೇಶದವನು. ರೂಮ್ ಎಂದರೆ ರೋಮ್.

ಇಟಲಿಯ ರೋಮಿಗೂ ಡೋಣಿ ತೀರದ ಈ ಎರೆ ಭೂಮಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಪ್ರಾಚೀನ ರೋಮ್ ಸಾಮ್ರಾಜ್ಯದ ಪಶ್ಚಿಮಾರ್ಧವು 476ರ ಹೊತ್ತಿಗೆ ಅಳಿದುಹೋಯಿತಾದರೂ ಪೂರ್ವಾರ್ಧವು ಕಾನ್‌ಸ್ಟಾಂಟಿನೋಪಲ್ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಮತ್ತೆ ಸುಮಾರು ಸಾವಿರ ವರ್ಷ ಬಾಳಿತು. ಅಲ್ಲಿಯ ಜನ ಗ್ರೀಕ್ ನುಡಿಯನ್ನು ಆಡುತ್ತಿದ್ದರೂ ತಮ್ಮನ್ನು ರೋಮನರೆಂದೇ ಕರೆದುಕೊಂಡರು. ಅರಬರೂ ಪಾರಸಿಕರೂ ಆ ನಾಡಿಗೆ ರೂಮ್ ಎಂದು ಹೆಸರಿಟ್ಟರು. ಆಮೇಲೆ ಅದೇ ನೆಲಕ್ಕೆ ಬಂದು ನೆಲೆಸಿದ ತುರ್ಕರೂ ರೂಮಿಗಳೆನಿಸಿದರು. 1453ರ ಮೇ 29ರಂದು ಎರಡನೆಯ ಮಹಮ್ಮದ ಸುಲ್ತಾನನು ಕಾನ್‌ಸ್ಟಾಂಟಿನೋಪಲನ್ನು ಗೆದ್ದಾಗ ರೋಮನರ ಕಡೆಯ ಚಕ್ರವರ್ತಿಯು ಹೋರಾಡುತ್ತ ಮಡಿದನು. ಗೆದ್ದ ಸುಲ್ತಾನನು ರೂಮಿನ ಕೈಸರ್ ಎಂಬ ಬಿರುದನ್ನು ತಾನೇ ಧರಿಸಿದನು. ಆಗಿನ ದಖ್ಖನದ ಜನ ರೂಮಿ ಎಂದಾಗ ಅವರ ಕಣ್ಣ ಮುಂದೆ ಇದ್ದುದು ಈ ನಾಡು, ಈ ಸುಲ್ತಾನರ ವಂಶ.

ಹೀಗೆ ರೋಮಿನ ಹೆಸರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರುತ್ತಿದ್ದ ದಿನಗಳಲ್ಲಿ ಆ ಅರಮನೆಯ ಒಬ್ಬ ಮಗನು ತಾಯಿಯನ್ನು ಅಗಲಿ, ಕೊರಳಿಗೆ ಬಂದ ಉರುಲಿನಿಂದ ಪಾರಾಗಿ, ಗುಲಾಮನ ವೇಷದಲ್ಲಿ ಕಡಲು ದಾಟಿ ಬಂದು ವಿಜಯಪುರದ ಅರಸನಾದನೆಂದು ಒಂದು ಕತೆಯುಂಟು. ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫ್ ಆದಿಲಖಾನನೇ ಆ ಮಗನು. ಕತೆಯನ್ನು ವಿಸ್ತಾರವಾಗಿ ಬರೆದಿಟ್ಟವನು ಇತಿಹಾಸಕಾರ ಮಹಮ್ಮದ ಕಾಸೀಮ್ ಫೆರಿಸ್ತಾ. ಅವನು ಬರೆದುದು ಯೂಸುಫನು ಸತ್ತು ಸುಮಾರು ನೂರು ವರ್ಷಗಳಾದ ಮೇಲೆ, ಆ ವಂಶದವನೇ ಆದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಕಾಲವನ್ನು ಹಿಂದಕ್ಕೆ ದಾಟಿ ಹೋಗುವ ಶಕ್ತಿ ಕತೆಗಾರನಿಗಲ್ಲದೆ ಮತ್ತಾರಿಗೂ ಇಲ್ಲ. ಅಂಥವನ ಬೆನ್ನು ಹಿಡಿದು ಹೋಗುವಾಗ ಎಚ್ಚರ ತಪ್ಪಬಾರದು. ಆದರೂ ಮೊದಲು ಕತೆಯನ್ನು ಕೇಳೋಣ.

ಉಸ್ಮಾನಿ ಸುಲ್ತಾನ ಎರಡನೆಯ ಮುರಾದನು 1451ರಲ್ಲಿ ತೀರಿಕೊಂಡನು. ಪಟ್ಟವೇರಿದ ಮಹಮ್ಮದನಿಗೆ ದಾಯಾದಿಯೊಬ್ಬನು ಉಳಿಯುವುದು ಬೇಕಿರಲಿಲ್ಲ. ತಮ್ಮನನ್ನು ಕೊರಳು ಬಿಗಿದು ಕೊಲ್ಲಬೇಕೆಂದು ಅಪ್ಪಣೆಯಾಯಿತು. ತಾಯಿಯು ಒಂದು ದಿನದ ಅವಕಾಶವನ್ನು ಬೇಡಿ ಪಡೆದಳು. ಪಾರಸಿಕ ದೇಶದ ಸಾವಾ ಎಂಬ ಊರಿನ ಖ್ವಾಜಾ ಇಮಾದುದ್ದೀನನೆಂಬ ವರ್ತಕನು ಆ ಸಮಯದಲ್ಲಿ ಗುಲಾಮರನ್ನು ಮಾರಲು ಆ ನಗರಕ್ಕೆ ಬಂದಿದ್ದನು. ಅವನ ಬಳಿಯಿದ್ದ ಗುಲಾಮ ಹುಡುಗರಲ್ಲಿ ಒಬ್ಬನು ರೂಪದಲ್ಲಿ ರಾಜಕುಮಾರನನ್ನೇ ಹೋಲುತ್ತಿದ್ದನು. ತಾಯಿಯು ಆ ಹುಡುಗನನ್ನು ಕೊಂಡು, ತನ್ನ ಮಗನನ್ನು ವರ್ತಕನ ಕೈಗೊಪ್ಪಿಸಿ ರಾತ್ರೋರಾತ್ರಿ ನಗರದಿಂದ ಹೊರಗೆ ಕಳುಹಿದಳು. ಮರುದಿನ ಅರಮನೆಯಿಂದ ಹೊರಬಿದ್ದ ಶವವು ಆ ಗುಲಾಮ ಹುಡುಗನದು.

ಈ ಕತೆಯನ್ನು ಹೇಳುವವರೆಲ್ಲರೂ ತಾಯಿಯ ಜಾಣ್ಮೆಯನ್ನು ಮೆಚ್ಚುತ್ತಾರೆ. ಬದಲಿಗೆ ಸತ್ತ ಹುಡುಗನ ಹೆಸರನ್ನು ಒಬ್ಬರೂ ಕೇಳುವುದಿಲ್ಲ. ಅವನಿಗೂ ಒಬ್ಬ ತಾಯಿ ಇದ್ದಿರಬೇಕು. ರಾಜವಂಶಗಳ ಚರಿತ್ರೆಯಲ್ಲಿ ಇಂಥವರಿಗೆ ಸ್ಥಳವಿಲ್ಲವೆಂಬುದು ಹೊಸ ಸಂಗತಿಯೇನೂ ಅಲ್ಲ. ಆದರೆ ರಾಜಕುಮಾರನ ಪ್ರಾಣ ಉಳಿಸಿದ ಬೆಲೆ ಒಬ್ಬ ಗುಲಾಮನಾಗಿದ್ದು, ಆ ರಾಜಕುಮಾರನೇ ಮುಂದೆ ಗುಲಾಮನಾಗಿ ಮಾರಾಟವಾದನೆಂಬುದನ್ನು ನೆನೆದಾಗ ಕತೆಯು ತನಗೆ ತಿಳಿಯದೆಯೇ ಒಂದು ಲೆಕ್ಕವನ್ನು ಸರಿಪಡಿಸಿದಂತೆ ತೋರುತ್ತದೆ.

ವರ್ತಕನು ಹುಡುಗನನ್ನು ಸಾವಾಕ್ಕೆ ಕರೆದೊಯ್ದು ತನ್ನ ಮಕ್ಕಳೊಡನೆ ಬೆಳೆಸಿ ಓದು ಕಲಿಸಿದನು. ಮಗನು ಬದುಕಿರುವನೋ ಇಲ್ಲವೋ ಎಂದು ತಳಮಳಿಸುತ್ತಿದ್ದ ತಾಯಿಯು ಕೆಲವು ವರ್ಷಗಳ ಮೇಲೆ ಅವನ ದಾದಿಯನ್ನೂ ದಾದಿಯ ಮಗನಾದ ಗಜನ್ಫರ ಬೇಗನನ್ನೂ ಮಗಳಾದ ದಿಲ್ಷಾದ್ ಆಗಾಳನ್ನೂ ಗುಟ್ಟಾಗಿ ಸಾವಾಕ್ಕೆ ಕಳುಹಿದಳಂತೆ. ದಿಲ್ಷಾದ್ ಆಗಾ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಈಕೆ ಮುಂದೆ ವಿಜಯಪುರದ ಕೋಟೆಯೊಳಗೆ ಮತ್ತೆ ನಮಗೆ ಎದುರಾಗುವಳು.

ಗುಟ್ಟು ಸಾವಾದಲ್ಲಿಯೂ ನಿಲ್ಲಲಿಲ್ಲ. ಊರಿನ ಅಧಿಕಾರಿಯ ಕಡೆಯವರೊಡನೆ ಜಗಳ ಹುಟ್ಟಿ ತರುಣನು ಊರು ಬಿಡಬೇಕಾಯಿತು. ಕುಮ್, ಕಾಶಾನ್, ಇಸ್ಫಹಾನ್, ಶಿರಾಜ್ ಎಂದು ಊರಿಂದೂರಿಗೆ ಅಲೆದನು. ಮರಳಿ ಹೋಗುವ ಆಲೋಚನೆಯಲ್ಲಿದ್ದಾಗ ಕನಸಿನಲ್ಲಿ ಖಿಜ್ರ್ ಪ್ರವಾದಿಯು ಕಾಣಿಸಿಕೊಂಡು ಹಿಂದೂಸ್ಥಾನದ ದಾರಿ ತೋರಿದನೆಂದು ಫೆರಿಸ್ತಾ ಹೇಳುತ್ತಾನೆ. ಹಿಜರಿ 864ರಲ್ಲಿ, ಎಂದರೆ 1459-60ರಲ್ಲಿ, ಯೂಸುಫನು ಹಡಗೇರಿ ಕೊಂಕಣದ ದಾಭೋಳ ಬಂದರದಲ್ಲಿ ಇಳಿದನು. ಅಲ್ಲಿಂದ ಬೀದರಕ್ಕೆ ಬಂದನು. ಬಹಮನಿ ದರ್ಬಾರಿನಲ್ಲಿ ಅವನು ಕಾಲಿಟ್ಟದ್ದು ಅತಿಥಿಯಾಗಿಯಲ್ಲ, ಮಾರಾಟಕ್ಕೆ ಬಂದ ಗುಲಾಮರ ಗುಂಪಿನಲ್ಲಿ ಒಬ್ಬನಾಗಿ.

ಈಗ ಎಚ್ಚರದ ಮಾತು. ಮುರಾದನ ಮರಣಾನಂತರ ಮಹಮ್ಮದನು ತಮ್ಮನೊಬ್ಬನನ್ನು ಕೊಲ್ಲಿಸಿದನೆಂಬುದು ನಿಜ. ತುರ್ಕ ದೇಶದ ಇತಿಹಾಸವೇ ಅದನ್ನು ಒಪ್ಪುತ್ತದೆ. ಆದರೆ ಆ ತಮ್ಮನ ಹೆಸರು ಅಹಮದ್, ಅವನು ಇನ್ನೂ ಹಾಲುಗೂಸು. ಇತ್ತ ಫೆರಿಸ್ತಾನ ಲೆಕ್ಕದಂತೆಯೇ ಯೂಸುಫನು 1510ರಲ್ಲಿ ಸತ್ತಾಗ ಅವನಿಗೆ 75 ವರ್ಷ. ಚಾಂದ್ರಮಾನದ ವರ್ಷಗಳೆಂದು ರಿಯಾಯಿತಿ ತೋರಿಸಿದರೂ 1451ರಲ್ಲಿ ಅವನು ಹದಿಹರೆಯದ ಹುಡುಗನಾಗಿರಬೇಕೇ ಹೊರತು ತೊಟ್ಟಿಲ ಕೂಸಾಗಿರಲಾರನು. ತೊಟ್ಟಿಲ ಕೂಸಿನ ಸಾವನ್ನೂ ಹದಿಹರೆಯದವನ ಪಲಾಯನವನ್ನೂ ಒಂದೇ ದಾರದಲ್ಲಿ ಪೋಣಿಸಿದಾಗ ಗಂಟು ಕಾಣದೆ ಇರುವುದಿಲ್ಲ. ಫೆರಿಸ್ತಾನಿಗೂ ಮೊದಲೇ ವಿಜಯಪುರಕ್ಕೆ ಬಂದು ನೆಲೆಸಿ, ಅವನ ಕಾಲದಲ್ಲಿಯೇ ಇತಿಹಾಸ ಬರೆದ ರಫೀಉದ್ದೀನ ಶಿರಾಜಿಯು ರೂಮಿನ ಅರಮನೆಯ ಗೊಡವೆಗೇ ಹೋಗದೆ, ಯೂಸುಫನು ಪಾರಸಿಕದ ಪಶ್ಚಿಮ ಭಾಗವನ್ನಾಳಿದ ಆಕ್‌ಕೊಯುನ್ಲು ತುರ್ಕಮಾನರ ಮನೆತನಕ್ಕೆ ಸೇರಿದವನೆಂದು ಬರೆದಿದ್ದಾನೆ. ಪೋರ್ತುಗೀಸರು ಗೋವೆಯ ಆ ಒಡೆಯನನ್ನು ಸಬಾಯೋ ಎಂದು ಕರೆದರು. ಸಾವಾದವನು, ಎಂದರೆ ಸಾವಾಯಿ ಎಂಬ ಮಾತೇ ಅವರ ನಾಲಗೆಯಲ್ಲಿ ಹಾಗಾಯಿತೆಂದು ವಿದ್ವಾಂಸರ ಅಭಿಪ್ರಾಯ. ಸವಾಯಿ, ಎಂದರೆ ಉಳಿದವರಿಗಿಂತ ಕಾಲುಪಾಲು ಹೆಚ್ಚಿನವನು ಎಂದು ಜನ ಅರ್ಥ ಹಚ್ಚಿಕೊಂಡುದೂ ಉಂಟು. ಸಾವಾ ಊರಿನ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅದಕ್ಕೂ ಹಿಂದಿನದು ಮಂಜಿನಲ್ಲಿದೆ. ರೂಮಿನ ಕತೆಯನ್ನು ಇತಿಹಾಸವೆಂದು ಒಪ್ಪಲು ಈ ಲೇಖಕನಿಗೆ ಮನಸ್ಸು ಬಾರದು. ಆದರೆ ಅದನ್ನು ಬರಿಯ ಹೊಗಳುಭಟ್ಟರ ಮಾತೆಂದು ತಳ್ಳಿಬಿಡಲೂ ಮನಸ್ಸು ಬಾರದು. ಏಕೆಂಬುದು ಮುಂದೆ ತಿಳಿದೀತು.

ದಾಭೋಳದಲ್ಲಿ ಇಳಿದವರಲ್ಲಿ ಯೂಸುಫನು ಮೊದಲಿಗನಲ್ಲ. ಗಿಲಾನ ಪ್ರಾಂತದಲ್ಲಿ ಶತ್ರುಗಳ ಕಾಟಕ್ಕೆ ಸಿಕ್ಕಿ ಊರು ಬಿಟ್ಟ ಮಹಮೂದ್ ಗವಾನನು ವರ್ತಕನಾಗಿ ಅದೇ ಬಂದರದಲ್ಲಿ 1453ರಲ್ಲಿ, ಕಾನ್‌ಸ್ಟಾಂಟಿನೋಪಲ್ ಬಿದ್ದ ವರ್ಷವೇ, ಇಳಿದಿದ್ದನು. ಅವನು ಬಹಮನಿ ರಾಜ್ಯದ ಮುಖ್ಯಮಂತ್ರಿಯಾದನು. ಬೀದರದಲ್ಲಿ 1472ರಲ್ಲಿ ಅವನು ಕಟ್ಟಿಸಿದ ಮದರಸೆ ಇಂದಿಗೂ ಅರೆಬರೆಯಾಗಿ ನಿಂತಿದೆ. ಹೀಗೆ ಕಡಲಾಚೆಯಿಂದ ಬಂದ ಪಾರಸಿಕ, ತುರ್ಕ, ಅರಬರಿಗೆ ಅಫಾಕಿಗಳೆಂದು ಹೆಸರು. ಇಲ್ಲಿಯೇ ತಲೆಮಾರುಗಳಿಂದ ನೆಲೆಸಿದ ಮುಸಲ್ಮಾನರು ದಖನಿಗಳು. ಹಬಸಿಗಳು ಸಾಮಾನ್ಯವಾಗಿ ದಖನಿಗಳ ಪಕ್ಷ. ಆ ಕಾಲದಲ್ಲಿ ಬೀದರಕ್ಕೆ ಬಂದಿದ್ದ ರಷ್ಯದ ಯಾತ್ರಿಕ ಅಫನಾಸಿ ನಿಕಿತಿನನು ಇಲ್ಲಿ ಅಧಿಕಾರವೆಲ್ಲ ಖುರಾಸಾನಿಗಳ ಕೈಯಲ್ಲಿರುವುದನ್ನು ಕಂಡು ಬರೆದಿಟ್ಟಿದ್ದಾನೆ. ಊರಿನವನಿಗೆ ಇದು ಹೇಗೆ ಸಹಿಸೀತು? ಎರಡು ಪಕ್ಷಗಳ ನಡುವಿನ ಈ ಬೇಗುದಿಯೇ ಕೊನೆಗೆ ಬಹಮನಿ ರಾಜ್ಯವನ್ನು ಸುಟ್ಟಿತು.

ಯೂಸುಫನು ಗವಾನನ ಆಶ್ರಯದಲ್ಲಿ ಬೆಳೆದನು. ಮೊದಲು ಅರಮನೆಯ ಕುದುರೆಲಾಯದಲ್ಲಿ ಕೆಲಸ, ಆಮೇಲೆ ಅದರ ಮೇಲಧಿಕಾರ, ಆಮೇಲೆ ದಂಡಿನಲ್ಲಿ ಸ್ಥಾನ. ವರ್ಹಾಡದ ಗಡಿಯಾಚೆಯ ಖೇರ್ಲಾ ಕೋಟೆಯ ಯುದ್ಧದಲ್ಲಿ ಹೆಸರು ಪಡೆದನು. ಆದಿಲಖಾನನೆಂಬ ಬಿರುದು ಬಂದಿತು. ಗವಾನನು ಅವನನ್ನು ಮಗನೆಂದು ಕರೆಯುತ್ತಿದ್ದನೆಂದು ಹೇಳುತ್ತಾರೆ. ತಂದೆಯಿಲ್ಲದವನಿಗೆ ಒಬ್ಬ ತಂದೆ ದೊರೆತುದು ಹೀಗೆ. ಆದರೆ ಈ ತಂದೆಯೂ ಬಹಳ ಕಾಲ ಉಳಿಯಲಿಲ್ಲ. ವೈರಿಗಳು ಗವಾನನ ಮುದ್ರೆಯಿದ್ದ ಬರಿಯ ಕಾಗದವನ್ನು ಸಂಪಾದಿಸಿ, ಅದರ ಮೇಲೆ ಒರಿಸ್ಸದ ರಾಜನಿಗೆ ಬರೆದಂತೆ ಒಂದು ರಾಜದ್ರೋಹದ ಪತ್ರವನ್ನು ಹೊಸೆದು, ಕುಡಿದ ಅಮಲಿನಲ್ಲಿದ್ದ ಸುಲ್ತಾನನ ಮುಂದಿಟ್ಟರು. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ಮುದುಕನ ತಲೆ ಉರುಳಿತು. ಯೂಸುಫನು ಆಗ ದಂಡಿನೊಡನೆ ದೂರದಲ್ಲಿದ್ದನು. ಸನಿಹದಲ್ಲಿದ್ದಿದ್ದರೆ ವಿಜಯಪುರಕ್ಕೆ ಗೋಲಗುಮ್ಮಟವಿರುತ್ತಿರಲಿಲ್ಲ.

ಗವಾನನ ಕೈಯಲ್ಲಿದ್ದ ವಿಜಯಪುರ ಪ್ರಾಂತವು ಯೂಸುಫನಿಗೆ ಬಂದಿತು. ಮರುವರ್ಷ ಸುಲ್ತಾನನೂ ಸತ್ತು ಅವನ ಮಗ, ಹನ್ನೆರಡು ವರ್ಷದ ಹುಡುಗ, ಪಟ್ಟಕ್ಕೆ ಬಂದನು. ಬೀದರದಲ್ಲಿ ದಖನಿ ಪಕ್ಷದ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕನ ಕೈ ಮೇಲಾಯಿತು. ಬೀದಿಗಳಲ್ಲಿ ತುರ್ಕರ ರಕ್ತ ಹರಿಯಿತು. ಯೂಸುಫನು ಕಾದಾಟವನ್ನು ಬೆಳೆಸದೆ ರಾಜಧಾನಿಯನ್ನು ಬಿಟ್ಟು ತನ್ನ ಪ್ರಾಂತಕ್ಕೆ ಹಿಂದಿರುಗಿದನು. ಇದನ್ನು ಅಂಜುಬುರುಕತನವೆನ್ನುವವರು ಇರಬಹುದು. ಊರು ಬಿಟ್ಟು ಬದುಕುವುದನ್ನು ಬಾಲ್ಯದಿಂದಲೇ ಕಲಿತವನಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಎಂಬ ವಿವೇಕವು ಉಳಿದವರಿಗಿಂತ ತೀಕ್ಷ್ಣವಾಗಿತ್ತೆನ್ನುವುದು ಹೆಚ್ಚು ಸರಿ. 1489-90ರಲ್ಲಿ ಅವನು ಸ್ವತಂತ್ರನಾಗಿ ತನ್ನ ಹೆಸರಿನಲ್ಲಿ ಖುತ್ಬಾ ಓದಿಸಿದನೆಂದು ಫೆರಿಸ್ತಾ ಹೇಳುತ್ತಾನೆ. ಬಹಮನಿ ಸುಲ್ತಾನನ ಹೆಸರನ್ನು ಅವನು ಪೂರ್ತಿ ಬಿಟ್ಟನೇ, ಶಾಹ ಎಂಬ ಬಿರುದನ್ನು ಧರಿಸಿದನೇ ಎಂಬ ಬಗ್ಗೆ ಆಧುನಿಕ ವಿದ್ವಾಂಸರಿಗೆ ಅನುಮಾನವಿದೆ. ಅವನು ಕಡೆಯವರೆಗೂ ಖಾನನಾಗಿಯೇ ಉಳಿದಂತೆ ತೋರುತ್ತದೆ. ಅದಕ್ಕಾಗಿಯೇ ಇಲ್ಲಿ ಅವನನ್ನು ಆದಿಲಖಾನನೆಂದು ಕರೆದಿರುವುದು.

ಅವನು ಕಂಡ ವಿಜಯಪುರವು ನಾವು ಕಾಣುವ ವಿಜಯಪುರವಲ್ಲ. ಗೋಲಗುಮ್ಮಟವಿಲ್ಲ, ಇಬ್ರಾಹಿಂ ರೋಜಾ ಇಲ್ಲ, ಜುಮ್ಮಾ ಮಸೀದಿಯಿಲ್ಲ, ತೊರವೆಯಿಂದ ನೀರು ತರುವ ಕಾಲುವೆಯಿಲ್ಲ. ಚಾಲುಕ್ಯರ ಕಾಲದಿಂದ ವಿಜಯಪುರವೆಂದು ಹೆಸರಾಗಿ, ಮುಂದೆ ಬಿಜಾಪುರವಾಗಿ, 2014ರಲ್ಲಿ ಮತ್ತೆ ಹಳೆಯ ಹೆಸರನ್ನು ಪಡೆದ ಈ ಊರಿನಲ್ಲಿ ಆಗ ಇದ್ದ ಹಳೆಯ ಮಸೀದಿಯೆಂದರೆ ದಿಲ್ಲಿಯ ಸುಲ್ತಾನರ ಅಧಿಕಾರಿ ಕರೀಮುದ್ದೀನನು 1320ರಲ್ಲಿ ದೇವಾಲಯದ ಕಂಬಗಳಿಂದ ಕಟ್ಟಿಸಿದ್ದು. ಅದನ್ನು ಕಟ್ಟಿದ ಶಿಲ್ಪಿ ಸಾಲೋಟಗಿಯ ರೇವಯ್ಯನೆಂದು ಅಲ್ಲಿಯ ಶಾಸನ ಹೇಳುತ್ತದೆ. ಯೂಸುಫನು ಈ ನೆಲೆಯ ಸುತ್ತ ಅರಕಿಲ್ಲೆಯನ್ನು ಭದ್ರಪಡಿಸಿದನು. ಪಾರಸಿಕ, ತುರ್ಕಸ್ಥಾನ, ರೂಮ್ ದೇಶಗಳಿಂದ ವಿದ್ವಾಂಸರನ್ನೂ ಕುಶಲಕರ್ಮಿಗಳನ್ನೂ ಕರೆಯಿಸಿಕೊಂಡನು.

ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಪೂರ್ವಕ್ಕೆ ಬರುವವನಿಗೆ ಕೊನೆಯಲ್ಲಿ ಸಿಗುವುದು ಅಥಣಿಯನ್ನು ದಾಟಿದ ಮೇಲಿನ ಬಯಲು. ಈಗ ಆ ರಸ್ತೆಯ ಮೇಲೆ ತಿಕೋಟಾ ಊರಿದೆ. ಅದರ ದಕ್ಷಿಣಕ್ಕೆ, ನಗರದಿಂದ ನೈಋತ್ಯದ ಕಡೆ, ಬಬಲೇಶ್ವರ. ಇತ್ತೀಚಿನ ವರ್ಷಗಳಲ್ಲಿ ತಾಲೂಕಿನ ಸ್ಥಾನ ಪಡೆದಿರುವ ಈ ಎರಡು ಊರುಗಳ ಸೀಮೆ ಬಿಳಿಜೋಳದ ಸೀಮೆ. ಮಳೆ ಕೈಕೊಟ್ಟ ವರ್ಷ ಬರ, ಕೈಹಿಡಿದ ವರ್ಷ ಹಗೇವು ತುಂಬ ಕಾಳು. ಅರಕಿಲ್ಲೆಯ ಅರಸನ ಅನ್ನ ಬಂದದ್ದು ಇಂಥ ಹಳ್ಳಿಗಳ ಹೊಲಗಳಿಂದಲೇ. ತಿಕೋಟಾ ದಾರಿಯಲ್ಲಿ ನಗರಕ್ಕೆ ಸಮೀಪದ ತೊರವೆಯಲ್ಲಿ ನರಹರಿ ಎಂಬ ಕವಿಯು ಕುಮಾರ ವಾಲ್ಮೀಕಿಯೆಂಬ ಹೆಸರಿನಿಂದ ಕನ್ನಡದಲ್ಲಿ ರಾಮಾಯಣವನ್ನು ಬರೆದನು. ಅವನ ಕಾಲ ಸುಮಾರು 1500 ಎಂದು ಹಲವು ವಿದ್ವಾಂಸರು ಎಣಿಸಿದ್ದಾರೆ. ಈ ಎಣಿಕೆ ಸರಿಯಾಗಿದ್ದರೆ, ಕೋಟೆಯೊಳಗೆ ಪಾರಸಿಕ ಗಜಲುಗಳು ನಡೆಯುತ್ತಿದ್ದ ದಿನಗಳಲ್ಲಿಯೇ ಎರಡು ಹರಿದಾರಿಯ ಒಳಗೆ ತೊರವೆಯ ನರಸಿಂಹನ ಸನ್ನಿಧಿಯಲ್ಲಿ ಭಾಮಿನಿ ಷಟ್ಪದಿ ಹರಿಯುತ್ತಿತ್ತೆಂದಾಯಿತು. ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸಿತೋ ಇಲ್ಲವೋ. ಯೂಸುಫನಿಗೆ ಸಂಗೀತದಲ್ಲಿ ಆಸಕ್ತಿಯಿತ್ತು, ತಂಬೂರಿಯನ್ನು ತಾನೇ ನುಡಿಸುತ್ತಿದ್ದನು, ಪದ್ಯ ಕಟ್ಟುತ್ತಿದ್ದನು, ಅವನ ಕೈಬರಹ ಸುಂದರವಾಗಿತ್ತೆಂಬುದಷ್ಟು ಮಾತ್ರ ಗ್ರಂಥಸ್ಥವಾಗಿದೆ.

ಅವನ ಯುದ್ಧಗಳನ್ನು ಇಲ್ಲಿ ಒಂದೊಂದಾಗಿ ಹೇಳಬೇಕಾಗಿಲ್ಲ. ವಿಜಯನಗರದ ನರಸನಾಯಕನೊಡನೆ ರಾಯಚೂರು ದೋಆಬಿಗಾಗಿ ಕಾದಿ 1493ರಲ್ಲಿ ಮಾನವಿಯ ಬಳಿ ಗೆದ್ದನು. ಕಲಬುರ್ಗಿಯ ಹಬಸಿ ಸರದಾರ ದಸ್ತೂರ್ ದೀನಾರನೊಡನೆ ವರ್ಷಗಟ್ಟಲೆ ಸೆಣಸಿ ಅವನನ್ನು ಮುಗಿಸಿದನು. ಅವನ ಬದುಕಿಗೆ ಹೆಚ್ಚು ಬೆಳಕು ಚೆಲ್ಲುವುದು ಮದುವೆ. ತನ್ನ ಮೇಲೆ ತಿರುಗಿಬಿದ್ದ ಮುಕುಂದರಾವ್ ಎಂಬ ಮರಾಠಾ ನಾಯಕನನ್ನು ಸೋಲಿಸಿದ ಮೇಲೆ ಅವನ ಸಹೋದರಿಯನ್ನು ಮದುವೆಯಾದನು. ಬೂಬೂಜಿ ಖಾನಂ ಎಂದು ಹೆಸರು ಪಡೆದ ಈ ಮರಾಠಾ ಹೆಣ್ಣುಮಗಳು ಅವನ ಪಟ್ಟದ ರಾಣಿ. ಇಸ್ಮಾಯಿಲನೆಂಬ ಮಗನಿಗೂ ಮೂವರು ಹೆಣ್ಣುಮಕ್ಕಳಿಗೂ ತಾಯಿ. ಆ ಮೂವರಲ್ಲಿ ಒಬ್ಬಳು ಅಹಮದನಗರಕ್ಕೆ, ಒಬ್ಬಳು ವರ್ಹಾಡಕ್ಕೆ, ಒಬ್ಬಳು ಬೀದರದ ಬಹಮನಿ ಮನೆತನಕ್ಕೆ ಸೊಸೆಯಾಗಿ ಹೋದರು. ಬಂಧುಗಳೆಂದು ಹೇಳಿಕೊಳ್ಳಲು ಒಬ್ಬರೂ ಇಲ್ಲದೆ ದಾಭೋಳದಲ್ಲಿ ಇಳಿದವನು ಎರಡು ತಲೆಮಾರಿನಲ್ಲಿ ದಖ್ಖನಕ್ಕೆಲ್ಲ ನೆಂಟನಾದನು.

ಧರ್ಮದ ವಿಷಯದಲ್ಲಿ ಮಾತ್ರ ಅವನು ಅಪಾಯವನ್ನು ತಾನಾಗಿ ಮೈಮೇಲೆ ಎಳೆದುಕೊಂಡನು. ಪಾರಸಿಕ ದೇಶದಲ್ಲಿ ಶಾಹ ಇಸ್ಮಾಯಿಲನು 1501ರಲ್ಲಿ ಶಿಯಾ ಪಂಥವನ್ನು ರಾಜಧರ್ಮವಾಗಿ ಮಾಡಿದ ಸುದ್ದಿ ಬಂದ ಮೇಲೆ, 1502-03ರಲ್ಲಿ, ಯೂಸುಫನು ವಿಜಯಪುರದ ಮಸೀದಿಯಲ್ಲಿ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದನು. ಭಾರತದಲ್ಲಿ ಹೀಗೆ ಮಾಡಿದ ಮೊದಲ ಅರಸನು ಇವನೇ. ಆದರೆ ಸುನ್ನಿಗಳು ಗೌರವಿಸುವ ಮೊದಲ ಖಲೀಫರನ್ನು ಯಾರೂ ಬಹಿರಂಗವಾಗಿ ನಿಂದಿಸಕೂಡದೆಂದು ಕಟ್ಟಪ್ಪಣೆ ಮಾಡಿದನು. ಅವರವರು ಅವರವರ ವಿಧಿಯಂತೆ ಪ್ರಾರ್ಥಿಸಲು ಬಿಟ್ಟನು. ನೆರೆಯ ಸುಲ್ತಾನರಿಗೆ ಇಷ್ಟು ನೆಪ ಸಾಕಾಯಿತು. ಅಹಮದನಗರ, ಬೀದರ, ಗೋಳ್ಕೊಂಡಗಳ ದಂಡು ಒಟ್ಟಾಗಿ ಏರಿ ಬಂದಿತು. ಯೂಸುಫನು ಹಳೆಯ ವಿದ್ಯೆಯನ್ನೇ ಮತ್ತೆ ಪ್ರಯೋಗಿಸಿದನು: ಊರು ಬಿಟ್ಟನು. ವರ್ಹಾಡದ ಇಮಾದ್-ಉಲ್-ಮುಲ್ಕನ ಬಳಿಗೆ ಹೋಗಿ, ಅವನ ಸಲಹೆಯಂತೆ ಹಳೆಯ ಪದ್ಧತಿಗೆ ಮರಳಿದಂತೆ ಸಾರಿ, ವೈರಿಗಳ ಒಕ್ಕೂಟ ಒಡೆಯುವವರೆಗೆ ಕಾದು, ಆಮೇಲೆ ಹಿಂದಿರುಗಿ ತನ್ನ ಖುತ್ಬಾವನ್ನು ಮತ್ತೆ ಓದಿಸಿದನು.

ಅವನ ಕೊನೆಯ ದಿನಗಳಲ್ಲಿ ಕಡಲಿನಿಂದಲೇ ಕುತ್ತು ಬಂದಿತು. 1510ರ ಆರಂಭದಲ್ಲಿ ಪೋರ್ತುಗೀಸರ ಅಲ್ಬುಕರ್ಕನು ಗೋವೆಯನ್ನು ಹಿಡಿದನು. ಮೇ ತಿಂಗಳಲ್ಲಿ ಆದಿಲಶಾಹಿ ದಂಡು ಅದನ್ನು ಮರಳಿ ಗೆದ್ದಿತು. ಆ ದಂಡನ್ನು ಯೂಸುಫನೇ ನಡೆಸಿದನೆಂದು ಫೆರಿಸ್ತಾ, ಅಷ್ಟರಲ್ಲಿ ಅವನು ತೀರಿಹೋಗಿ ಮಗನು ಒಡೆಯನಾಗಿದ್ದನೆಂದು ಪೋರ್ತುಗೀಸರ ಬರಹಗಳು. ನವೆಂಬರ್ 25ರಂದು ಗೋವೆ ಶಾಶ್ವತವಾಗಿ ಕೈಬಿಟ್ಟಿತು. ಯೂಸುಫನು ಜಲೋದರದಿಂದ ಸತ್ತನು. ಅವನ ದೇಹವನ್ನು ವಿಜಯಪುರದಲ್ಲಿ ಹೂಳಲಿಲ್ಲ; ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಗೆ ಒಯ್ದು, ಅವನು ಭಕ್ತಿಯಿಟ್ಟಿದ್ದ ಚಂದಾ ಹುಸೇನಿ ಎಂಬ ಸಂತನ ದರ್ಗಾದ ಬಳಿ ಮಣ್ಣು ಮಾಡಿದರು. ಅವನ ಮಗನೂ ಮೊಮ್ಮಗನೂ ಅಲ್ಲಿಯೇ ಮಲಗಿದ್ದಾರೆ. ಗುಮ್ಮಟಗಳ ಊರನ್ನು ಕಟ್ಟಿದ ವಂಶದ ಮೂಲಪುರುಷನ ಗೋರಿಯನ್ನು ಅರಸಿ ವಿಜಯಪುರಕ್ಕೆ ಬಂದವರು ಬರಿಗೈಯಲ್ಲಿ ಹೋಗಬೇಕು.

ಯೂಸುಫನ ಕತೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅವನು ಸತ್ತ ಮರುವರ್ಷ ಅರಕಿಲ್ಲೆಯಲ್ಲಿ ನಡೆದುದನ್ನು ಹೇಳದಿದ್ದರೆ ರೂಮಿನ ಕತೆಯ ಅರ್ಥವಾಗದು. ಇಸ್ಮಾಯಿಲನು ಇನ್ನೂ ಬಾಲಕ. ರಾಜ್ಯದ ಆಡಳಿತ ಕಮಾಲಖಾನನೆಂಬ ದಖನಿ ಸರದಾರನ ಕೈಯಲ್ಲಿತ್ತು. ಅವನು ಶಿಯಾ ಖುತ್ಬಾವನ್ನು ನಿಲ್ಲಿಸಿದನು, ಅಫಾಕಿಗಳನ್ನು ಕೆಲಸದಿಂದ ತೆಗೆದನು, ಬೀದರದ ಅಮೀರ ಬರೀದನೊಡನೆ ಗುಟ್ಟಿನ ಒಪ್ಪಂದ ಮಾಡಿಕೊಂಡು, ಹುಡುಗನನ್ನು ಮುಗಿಸಿ ತಾನೇ ಸಿಂಹಾಸನವೇರುವ ಹವಣಿಕೆಯಲ್ಲಿದ್ದನು. ಮುಂದಿನ ಕೆಲವು ದಿನ ಗ್ರಹಗತಿ ಚೆನ್ನಾಗಿಲ್ಲವೆಂದು ಜ್ಯೋತಿಷಿಗಳು ಹೇಳಿದುದರಿಂದ ಅನಾರೋಗ್ಯದ ನೆಪ ಮಾಡಿ ಕೋಟೆಯೊಳಗಿನ ತನ್ನ ಮನೆಯಲ್ಲಿಯೇ ಅಡಗಿ ಕುಳಿತನು. ಆ ಕೆಲವು ದಿನಗಳೇ ಬೂಬೂಜಿ ಖಾನಮಳಿಗೆ ದೊರೆತ ಅವಕಾಶ.

ಇಸ್ಮಾಯಿಲನ ಸಾಕುತಂದೆಯಾದ ಯೂಸುಫ್ ತುರ್ಕನೆಂಬವನು ಮಕ್ಕಾ ಯಾತ್ರೆಗೆ ಹೊರಡಲು ಅಪ್ಪಣೆ ಬೇಡುವ ನೆಪದಿಂದ ಕಮಾಲಖಾನನ ಮನೆಗೆ ಹೋದನು. ಬೀಳ್ಕೊಡುವ ಮರ್ಯಾದೆಗೆಂದು ಖಾನನು ವೀಳ್ಯ ಕೊಡಲು ಕೈಚಾಚಿದಾಗ ಬಟ್ಟೆಯೊಳಗಿನ ಕಠಾರಿಯನ್ನು ಅವನ ಎದೆಗೆ ಹಾಕಿದನು. ಅಲ್ಲಿಯೇ ತಾನೂ ತುಂಡಾದನು. ಕಮಾಲಖಾನನ ತಾಯಿ ಸಾಮಾನ್ಯ ಹೆಂಗಸಲ್ಲ. ಅಳುವನ್ನು ತಡೆದು, ಮಗನ ಹೆಣವನ್ನು ಜೀವವಿರುವಂತೆ ದಿಂಬುಗಳಿಗೆ ಆನಿಸಿ ಜನರಿಗೆ ಕಾಣುವಂತೆ ಕೂಡಿಸಿ, ಮೊಮ್ಮಗನಾದ ಸಫ್ದರಖಾನನನ್ನು ಅರಮನೆಯ ಮೇಲೆ ದಾಳಿಗೆ ಕಳುಹಿದಳು.

ಅರಮನೆಯ ಬಾಗಿಲು ಮುಚ್ಚಿತು. ಒಳಗೆ ಇದ್ದವರು ಬೆರಳೆಣಿಕೆಯ ಕಾವಲುಗಾರರು. ಆಗ ಗಂಡುಡುಗೆ ತೊಟ್ಟು, ಮುಖಕ್ಕೆ ಮುಸುಕೆಳೆದು, ಬಿಲ್ಲು ಹಿಡಿದು ಮಾಳಿಗೆಯೇರಿದವಳು ದಿಲ್ಷಾದ್ ಆಗಾ. ಸಾವಾದಲ್ಲಿ ಯೂಸುಫನೊಡನೆ ಬೆಳೆದ ದಾದಿಯ ಮಗಳು, ಅವನ ಆಳ್ವಿಕೆಯ ಕಡೆಗಾಲದಲ್ಲಿ ಕಡಲು ದಾಟಿ ವಿಜಯಪುರಕ್ಕೆ ಬಂದು ಇಸ್ಮಾಯಿಲನನ್ನು ಸಾಕಿದವಳು. ರಾಣಿಯೂ ಅವಳೊಡನೆ ನಿಂತಳು. ಸುದ್ದಿ ಹರಡಿ ಹೊರಗಿನಿಂದ ಕೆಲವರು ತುರ್ಕರು ಹಗ್ಗ ಹಿಡಿದು ಗೋಡೆಯೇರಿ ಒಳಕ್ಕೆ ಬಂದರು. ಬಾಗಿಲು ಮುರಿಯಲು ಬಂದ ಸಫ್ದರಖಾನನ ಕಣ್ಣಿಗೆ ಬಾಣ ನೆಟ್ಟಿತು. ನೋವಿನಿಂದ ಅವನು ಒರಗಿದುದು ಇಸ್ಮಾಯಿಲನು ನಿಂತಿದ್ದ ಗೋಡೆಯ ಕೆಳಗೇ. ಸಾಕುತ್ತೆ ಸನ್ನೆ ಮಾಡಲು ಹುಡುಗನು ಅಲ್ಲಿದ್ದ ದೊಡ್ಡ ಕಲ್ಲನ್ನು ಉರುಳಿಸಿದನು. ಅಲ್ಲಿಗೆ ಕಮಾಲಖಾನನ ಪಕ್ಷ ಮುಗಿಯಿತು. ಇಸ್ಮಾಯಿಲನು ಇದಾದ ಮೇಲೆ ಸುಮಾರು ಹನ್ನೆರಡು ವರ್ಷ ದಖನಿಗಳಿಗಾಗಲಿ ಹಬಸಿಗಳಿಗಾಗಲಿ ಕೆಲಸ ಕೊಡಲಿಲ್ಲ. ದಖನಿ ಮಾತಿಗಿಂತ ಪಾರಸಿಯೂ ತುರ್ಕಿಯೂ ಅವನಿಗೆ ಹೆಚ್ಚು ಪ್ರಿಯವಾಗಿದ್ದವು.

ಈ ಎರಡು ಚಿತ್ರಗಳನ್ನು ವಾಚಕರು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕು. 1451ರ ರೂಮಿನಲ್ಲಿ ಸಿಂಹಾಸನದ ಆಸೆಗೆ ಬಲಿಯಾಗಬೇಕಿದ್ದ ಒಬ್ಬ ರಾಜಕುಮಾರ, ಅವನನ್ನು ಉಪಾಯದಿಂದ ಉಳಿಸಿದ ತಾಯಿ, ಅವನಿಗೆ ಬದಲಾಗಿ ಸತ್ತ ಒಬ್ಬ ತುರ್ತಿನ ಬಲಿ. 1511ರ ವಿಜಯಪುರದಲ್ಲಿಯೂ ಅಂಥದೇ ಹುಡುಗ, ಅಂಥದೇ ತಾಯಿ, ಅವನಿಗಾಗಿ ಪ್ರಾಣ ಕೊಟ್ಟ ಒಬ್ಬ ಯೂಸುಫ್. ಎರಡನೆಯದರ ಬಗ್ಗೆ ಸಂಶಯಕ್ಕೆ ಎಡೆ ಕಡಿಮೆ. ಕೋಟೆಯ ಊರಿಗೆ ಊರೇ ಅದನ್ನು ಕಂಡಿತ್ತು. ಮೊದಲನೆಯದು ಅರಮನೆಯ ಒಳಗಿನವರ ಬಾಯಿಂದ ಬಾಯಿಗೆ ಬಂದದ್ದು. ಅಂತಃಪುರದಲ್ಲಿ ಆ ಕತೆಯನ್ನು ಹೇಳಿ ಉಳಿಸಿದವರು ಯಾರಿದ್ದಾರು? ರೂಮಿನ ಕಡೆಯಿಂದ ಬಂದವಳೆಂದು ಕತೆಯೇ ಹೇಳುವ ದಿಲ್ಷಾದ್ ಆಗಾಳನ್ನು ಬಿಟ್ಟರೆ ಬೇರಾರೂ ನಮಗೆ ಹೊಳೆಯುವುದಿಲ್ಲ. ಇದು ಊಹೆ, ಊಹೆಯೆಂದೇ ವಾಚಕರು ತೆಗೆದುಕೊಳ್ಳಲಿ. ಸಾವಾದ ಒಂದು ಮನೆಯ ನಿಜವಾದ ಸಂಕಟವೊಂದು, ಅರಕಿಲ್ಲೆಯ ಮಾಳಿಗೆಯ ಮೇಲೆ ಕಂಡ ಸಂಕಟದೊಡನೆ ಕಲೆತು, ಹೇಳುತ್ತ ಹೇಳುತ್ತ ರೂಮಿನ ಸಿಂಹಾಸನದವರೆಗೆ ಬೆಳೆದಿರಬಹುದು.

ಅದನ್ನು ನಂಬಿ ಬರೆದ ಫೆರಿಸ್ತಾನೂ ಬೇರೆಯ ತರಹ ಬರೆಯಲಾರದವನಾಗಿದ್ದನು. ಕಾಸ್ಪಿಯನ್ ಕಡಲಿನ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯೊಡನೆ ಅಹಮದನಗರಕ್ಕೆ ಬಂದು, ಅಲ್ಲಿ ಬೆಳೆದು ಅರಮನೆಯ ಕಾವಲಿನಲ್ಲಿ ಸೇರಿದವನು ಅವನು. 1589ರಲ್ಲಿ ಅಹಮದನಗರದ ಬೀದಿಗಳಲ್ಲಿ ಪರದೇಶಿಗಳನ್ನು ಹುಡುಕಿ ಹುಡುಕಿ ಕೊಂದರು. ಫೆರಿಸ್ತಾನು ಹೇಗೋ ತಲೆ ಉಳಿಸಿಕೊಂಡು ಅದೇ ವರ್ಷ ವಿಜಯಪುರಕ್ಕೆ ಬಂದು ಸೇರಿದನು. ಎರಡನೆಯ ಇಬ್ರಾಹಿಮನು ಅವನಿಗೆ ಆಶ್ರಯ ಕೊಟ್ಟು, ದಖ್ಖನದ ಅರಸರ ಚರಿತ್ರೆಯನ್ನು ಬರೆಯಲು ಹೇಳಿದನು.